ಮೇಸ್ತ್ರಿ ತಲೆಯಾಡಿಸಿದರೆ ಮುಗಿಯಿತು

ಮನೆಯಿಂದ
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ರೇಡಿಯೋಗೆ,

ಅಪ್ಪನ ಮನಸ್ಸು ತುಂಬಿದ ಆಶೀರ್ವಾದ. ಇಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ನಿನ್ನ ಅಮ್ಮನ ಮಂಡಿ ನೋವು ಮೊದಲಿನಷ್ಟಿಲ್ಲ, ಅದರ ಬಗ್ಗೆ ಮಾತು ಮಾತ್ರ ಮೊದಲಿನಷ್ಟೇ ಇದೆ. ನಿನ್ನ ತಮ್ಮನ ಮಗಳು ನಡೆಯುವುದನ್ನು ಕಲಿಯದೆ ನೇರವಾಗಿ ಓಡುವುದನ್ನೇ ಕಲಿತುಬಿಟ್ಟಿದ್ದಾಳೆ. ಅವಳ ಹಿಂದೆ ಓಡಿ ಓಡಿ ನಿನ್ನ ತಮ್ಮನ ಹೊಟ್ಟೆ ಎರಡು ಬೆರಳು ಇಳಿದಿದೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯ, ಬಂದರಿನ ಆ ಕ್ರೇನಿನ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದೇ ಹತ್ತುತ್ತೀಯ ಎಂದು ನಂಬಿಕೊಂಡಿದ್ದೇನೆ. ಒಂದು ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡು ಹತ್ತುತ್ತೀಯ ಎಂದು ನಿನ್ನ ತಮ್ಮ ಬಾಯಿಬಿಟ್ಟಿದ್ದಾನೆ. ಬೆನ್ನಿಗೆ ಹಾಕುವ ಚೀಲವೊಂದನ್ನು ಕೊಂಡುಕೋ.

ನಿನ್ನ ಕಾಗದ ಬಂದು ಎರಡು ತಿಂಗಳು ದಾಟಿತು. ಪುರುಸೊತ್ತಿರಲಿಲ್ಲ ಎಂದು ಬರೆದರೆ ನೀನು ನಂಬುತ್ತೀಯ, ಆದರೆ ಅದು ಸುಳ್ಳು. ಮೂರು ಸಲ ಬರೆದು ಮೂರು ಸಲ ಹರಿದೆ. ತಡ ಮಾಡಿದ್ದು ನನ್ನ ತಪ್ಪು, ಹೊಟ್ಟೆಗೆ ಹಾಕಿಕೋ.

ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. "ಅಪ್ಪ, ಭಾನುವಾರ ಎಲ್ಲರೂ ವಿಡಿಯೋ ಕಾಲ್‌ನಲ್ಲಿ ಸೇರಿದಾಗ ನೀನು ನನ್ನನ್ನ ನೋಡಿ ಸುಮ್ನೆ ನಗ್ತೀಯ. ಏನು ಕೇಳಿದ್ರೂ ನಗ್ತೀಯ. ನನ್ನ ಮೇಲೆ ಏನು ಕೋಪ ಇದೆ ಅಂತ ಒಂದು ಸಲ ಹೇಳ್ಬಿಡು. ಇಲ್ಲಾಂದ್ರೆ ಮುಂದಿನ ತಿಂಗಳಿಂದ ನನಗೆ ಕಾಯ್ಬೇಡಿ, ನಾನು ಬರಲ್ಲ." ಹೇಳಿದಂತೆಯೇ ಮಾಡಿದೆ. ಐದು ಭಾನುವಾರದಿಂದ ಫೋನಿನಲ್ಲಿ ನಿನ್ನ ಚೌಕ ಇಲ್ಲ. "ಅವಳಿಗೆ ಡ್ಯೂಟಿ ಇರುತ್ತೆ" ಎಂದು ನಿನ್ನ ಅಮ್ಮ ಎಲ್ಲರಿಗೂ ಹೇಳುತ್ತಾಳೆ. ಹೇಳಿ ಮುಗಿಸಿ ನನ್ನ ಮುಖ ನೋಡುತ್ತಾಳೆ.

ಕೋಪವಿಲ್ಲ ಮಗಳೆ. ಎಳ್ಳಷ್ಟೂ ಇಲ್ಲ. ವಿಷಯ ಬೇರೆ ಇದೆ, ನೇರವಾಗಿ ಹೇಳಲು ನನಗೆ ಬರುವುದಿಲ್ಲ, ಪ್ರೆಸ್ಸಿನ ಕಡೆಯಿಂದ ಒಂದು ಸುತ್ತು ಹಾಕಿಕೊಂಡು ಬರುತ್ತೇನೆ. ಚಿಕ್ಕವಳಿದ್ದಾಗ ನೀನು ಊರ ಸುದ್ದಿಯನ್ನೆಲ್ಲ ಹೇಳಿ ಮುಗಿಸಿ ಕೊನೆಗೆ ಸ್ಲೇಟು ಒಡೆದ ಸುದ್ದಿಗೆ ಬರುತ್ತಿದ್ದೆ. ನಿನಗೆ ರೇಡಿಯೋ ಎಂದು ಹೆಸರು ಬಿದ್ದದ್ದು ಅದಕ್ಕೇ. ಆ ಗುಣ ಯಾರಿಂದ ಬಂತು ಎಂದು ಈಗಲಾದರೂ ಗೊತ್ತಾಗಲಿ.

ನಮ್ಮ ಸೋಮವಾರದ ಮೀಟಿಂಗ್ ಬಗ್ಗೆ ನಿನಗೆ ಹೆಚ್ಚು ಹೇಳಿಲ್ಲ. ಔಷಧಿ ಡಬ್ಬಿ ಅಚ್ಚು ಹಾಕುವ ನಮ್ಮಂಥ ಪ್ರೆಸ್ಸಿನಲ್ಲಿ ವಾರದ ಕೆಲಸ ಹಂಚಿಕೊಳ್ಳದೆ ಹೊಸ ಕೆಲಸ ಮೆಷಿನ್ನಿಗೆ ಹತ್ತಿಸುವ ಹಾಗಿಲ್ಲ. ಯಜಮಾನರ ಕೋಣೆ ಮಹಡಿಯ ಮೇಲೆ, ಅದರ ನೇರ ಕೆಳಗೆ ದೊಡ್ಡ ಮೆಷಿನ್. ಅದು ಓಡುತ್ತಿದ್ದರೆ ಮೇಜಿನ ಮೇಲೆ ಲೋಟದಲ್ಲಿರುವ ಚಹಾ ನಡುಗುತ್ತದೆ. ಅಲ್ಲಿ ಕೂರುವುದಕ್ಕೆ ಒಂದು ಕ್ರಮವಿದೆ. ಯಾರೂ ಬರೆದಿಟ್ಟದ್ದಲ್ಲ, ಯಾರೂ ಮುರಿಯುವುದೂ ಇಲ್ಲ. ಮೇಜಿನ ತುದಿಗೆ ಯಜಮಾನರು. ಕೈ ಇರುವ ಕುರ್ಚಿ ಅವರದೊಂದೇ. ಅವರ ಬಲಕ್ಕೆ ಮೆಷಿನ್ ಮೇಸ್ತ್ರಿಯಾದ ನಾನು. ಎಡಕ್ಕೆ ಡಿಸೈನ್ ಮಾಡುವ ಹುಡುಗ, ಆಮೇಲೆ ಸ್ಟೋರ್‌ಕೀಪರ್. ಬೈಂಡಿಂಗ್ ಅಕ್ಕ ಮಾತ್ರ ಬಾಗಿಲ ಪಕ್ಕ ಒಂದು ಸ್ಟೂಲಿನ ಮೇಲೆ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ಇಡೀ ಪ್ರೆಸ್ಸಿಗೆ ಅಕ್ಕ. ಅಚ್ಚಾದ ರಟ್ಟನ್ನು ಮಡಿಸಿ ಅಂಟು ಹಾಕಿ ಡಬ್ಬಿ ಮಾಡುವ ಹನ್ನೆರಡು ಹೆಂಗಸರು ಅವರ ಕೈಕೆಳಗಿದ್ದಾರೆ.

ಯಜಮಾನರು ಒಂದು ವಿಷಯ ಎತ್ತುತ್ತಾರೆ. ಉಳಿದವರು ಒಂದಿಷ್ಟು ಮಾತಾಡುತ್ತಾರೆ. ಕೊನೆಗೆ ಯಜಮಾನರು ಪೆನ್ಸಿಲನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೋಡುತ್ತಾರೆ. ನಾನು ಮನಸ್ಸಿನಲ್ಲೇ ಐದು ಎಣಿಸಿ, ಗಲ್ಲ ಸವರಿಕೊಂಡು, ತಲೆಯಾಡಿಸುತ್ತೇನೆ. ಅಲ್ಲಿಗೆ ಆ ವಿಷಯ ಇತ್ಯರ್ಥ. "ಮೇಸ್ತ್ರಿ ತಲೆಯಾಡಿಸಿದ್ರೆ ಮುಗೀತು" ಎಂಬುದು ಪ್ರೆಸ್ಸಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಮೇಸ್ತ್ರಿ ಹೆಚ್ಚು ಮಾತಾಡುವವರಲ್ಲ, ತೂಕದ ಮನುಷ್ಯ ಎಂದು ಹೊಸದಾಗಿ ಸೇರಿದವರಿಗೆ ಸ್ಟೋರ್‌ಕೀಪರ್ ಹೇಳಿಕೊಡುತ್ತಾನೆ.

ನಿಜ ಹೇಳಿಬಿಡುತ್ತೇನೆ. ನನಗೆ ಕಿವಿ ಕೇಳಿಸುವುದಿಲ್ಲ. ಹನ್ನೊಂದು ವರ್ಷವಾಯಿತು. ಪೂರ್ತಿ ಇಲ್ಲವೆಂದಲ್ಲ. ಒಬ್ಬರೇ ಎದುರು ನಿಂತು ನಿಧಾನವಾಗಿ ಮಾತಾಡಿದರೆ ಅರ್ಧ ಕಿವಿ, ಅರ್ಧ ತುಟಿ ನೋಡಿ ಸಂಭಾಳಿಸುತ್ತೇನೆ. ನಾಲ್ಕು ಜನ ಸೇರಿದರೆ ಮುಗಿಯಿತು, ಎಲ್ಲ ಕಲಸಿಹೋಗುತ್ತದೆ. ಮೂವತ್ತು ವರ್ಷ ಮೆಷಿನ್ ಪಕ್ಕ ಕಿವಿಗೆ ಏನೂ ಇಟ್ಟುಕೊಳ್ಳದೆ ನಿಂತದ್ದಕ್ಕೆ ಇದು ಸಿಕ್ಕ ಬಹುಮಾನ. ಯಾರಿಗೂ ಹೇಳಲಿಲ್ಲ. ಹೇಗೆ ಹೇಳಲಿ? ಸದ್ದು ಕೇಳಿಯೇ ಯಾವ ರೋಲರ್ ಸವೆದಿದೆ ಎಂದು ಹೇಳುವ ಮೇಸ್ತ್ರಿ ಎಂದು ನನಗೆ ಹೆಸರು. ಈಗ ಮೆಷಿನ್ನಿನ ಪಕ್ಕೆಗೆ ಅಂಗೈ ಇಟ್ಟು ಅದರ ನಡುಕದಲ್ಲಿ ಕಂಡುಹಿಡಿಯುತ್ತೇನೆ. ನೋಡುವವರು ಮೇಸ್ತ್ರಿಗೆ ಮೆಷಿನ್ ಮೇಲೆ ಎಷ್ಟು ಪ್ರೀತಿ ಎಂದುಕೊಳ್ಳುತ್ತಾರೆ.

ದೊಡ್ಡ ಕುರ್ಚಿಯ ಪಕ್ಕ ಕೂತವನ ಮೌನಕ್ಕೆ ಎಷ್ಟು ಬೆಲೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ, ನಗಬೇಡ. ಒಂದು ಸಲ ಕೆಮ್ಮಿನ ಔಷಧಿಯ ಡಬ್ಬಿಗೆ ಹಳದಿ ಹಾಕುವುದೋ ಹಸಿರು ಹಾಕುವುದೋ ಎಂದು ಜೋರು ಚರ್ಚೆ ನಡೆದಿತ್ತಂತೆ. ಯಜಮಾನರು ಪೆನ್ಸಿಲ್ ಇಟ್ಟರು. "ಹಳದಿನೋ ಹಸಿರೋ, ನೀವೇ ಹೇಳಿ" ಎಂದು ಕೇಳಿದರಂತೆ. ನಾನು ಐದು ಎಣಿಸಿ ತಲೆಯಾಡಿಸಿದೆ. ಆಮೇಲೆ ಡಿಸೈನ್ ಹುಡುಗ ತೊಡೆ ತಟ್ಟಿಕೊಂಡು ಎದ್ದ. ಮೂರು ದಿನದ ಮೇಲೆ ಮೆಷಿನ್ನಿಗೆ ಬಂದ ಡಬ್ಬಿಯ ಮೇಲರ್ಧ ಹಳದಿ, ಕೆಳಗರ್ಧ ಹಸಿರು. ಔಷಧಿಯವರಿಗೆ ಅದು ಎಷ್ಟು ಹಿಡಿಸಿತೆಂದರೆ ಉಳಿದ ಡಬ್ಬಿಗಳನ್ನೂ ಹಾಗೆಯೇ ಮಾಡಿ ಎಂದರು. ಮೇಸ್ತ್ರಿಯ ಯೋಚನೆಯೇ ಬೇರೆ ಎಂದು ಯಜಮಾನರು ನನ್ನ ಬೆನ್ನು ತಟ್ಟಿದರು. ಅದೇ ಪ್ರಶ್ನೆಗೆ ಬಾಗಿಲ ಪಕ್ಕದ ಸ್ಟೂಲಿನಿಂದ ಯಾರಾದರೂ ಹಾಗೆ ತಲೆಯಾಡಿಸಿದ್ದರೆ ಪೆದ್ದು ಎನ್ನುತ್ತಿದ್ದರು.

ಹೀಗೆ ಸುಖವಾಗಿ ನಡೆದುಕೊಂಡು ಹೋಗುತ್ತಿದ್ದಾಗ ಈ ವರ್ಷದ ಮೊದಲಲ್ಲಿ ಆ ಕೋಣೆಯ ಛಾವಣಿಯ ಗಾರೆ ಕಳಚಿ ಮೇಜಿನ ಮೇಲೆ ಬಿತ್ತು. ಪುಣ್ಯಕ್ಕೆ ಅದು ಮಂಗಳವಾರ. ರಿಪೇರಿಗೆ ಬಂದವರು ಹದಿನೈದು ದಿನ ಎಂದು ಹೇಳಿ ನಾಲ್ಕು ತಿಂಗಳು ಕೂತರು. ಯಜಮಾನರ ಸೊಸೆ ಚುರುಕು ಹೆಣ್ಣುಮಗಳು. ಫೋನಿನಲ್ಲಿ ಒಂದು ಗ್ರೂಪ್ ಮಾಡಿ, "ಸೋಮವಾರ ಒಂಬತ್ತು ಗಂಟೆಗೆ ಎಲ್ಲರೂ ಇದರಲ್ಲೇ ಬರೆಯಿರಿ, ಮಾತು ಬೇಡ, ಕೆಳಗೆ ಮೆಷಿನ್ ಸದ್ದಿಗೆ ಕೇಳಿಸಲ್ಲ" ಎಂದಳು. ನನಗೆ ಅವಳ ಕಾಲಿಗೆ ಬೀಳೋಣ ಎನಿಸಿತು.

ಮೊದಲ ಸೋಮವಾರವೇ ಪ್ರೆಸ್ಸಿನ ಲೆಕ್ಕಾಚಾರ ತಲೆಕೆಳಗಾಯಿತು. ಯಜಮಾನರು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುವವರು. ಅವರು "ಈ ವಾರ" ಎಂದು ಬರೆಯುವ ಹೊತ್ತಿಗೆ ಉಳಿದವರು ಈ ವಾರವನ್ನು ಮುಗಿಸಿ ಮುಂದಿನ ವಾರಕ್ಕೆ ಹೋಗಿರುತ್ತಿದ್ದರು. ಡಿಸೈನ್ ಹುಡುಗ ಅಷ್ಟು ಬಾಯಿಮಾಡುವವನು, ಬರೆಯುವ ವಿಷಯ ಬಂದರೆ ಎರಡು ತಪ್ಪು ಅಕ್ಷರ, ಉಳಿದದ್ದೆಲ್ಲ ನಗುವ ಮುಖ, ಅಳುವ ಮುಖ. ಸ್ಟೋರ್‌ಕೀಪರ್ ಗುಲಾಬಿ ಹೂವಿನ ಚಿತ್ರದ ಮೇಲೆ ಶುಭೋದಯ ಎಂದು ಬರೆದದ್ದನ್ನು ಕಳಿಸದೆ ಬಾಯಿ ತೆರೆಯುವುದಿಲ್ಲ. ಬೈಂಡಿಂಗ್ ಅಕ್ಕ ಇದ್ದಾರಲ್ಲ, ಎಂಟು ವರ್ಷ ಸ್ಟೂಲಿನ ಮೇಲೆ ಸೆರಗು ಹಿಡಿದು ಕೂತವರು, ಅವರು ಡಬ್ಬಿ ಮಡಿಸುವ ವೇಗದಲ್ಲೇ ಎರಡೂ ಹೆಬ್ಬೆರಳಿನಲ್ಲಿ ಬರೆಯುತ್ತಾರೆ. ಯಾವ ರಟ್ಟು ಮಡಿಕೆಯಲ್ಲಿ ಬಿರಿಯುತ್ತದೆ, ಯಾವ ಅಂಟು ಚಳಿಗೆ ಹಿಡಿಯುವುದಿಲ್ಲ, ಎಲ್ಲ ಪುಂಖಾನುಪುಂಖ.

ನಾನು ಮೊದಲು ಅಚ್ಚಿನ ಅಕ್ಷರದ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವನು ಎಂಬುದು ನಿನಗೆ ಗೊತ್ತು. ಅಕ್ಷರ ನನಗೆ ಹಳೇ ನೆಂಟ. ಹನ್ನೊಂದು ವರ್ಷದ ಮೇಲೆ ಮೊದಲ ಬಾರಿಗೆ ಮೀಟಿಂಗಿನಲ್ಲಿ ಯಾರು ಏನು ಹೇಳುತ್ತಿದ್ದಾರೆ ಎಂದು ನನಗೆ ತಿಳಿಯಿತು. ಮೊದಲ ವಾರ ಕಣ್ಣಲ್ಲಿ ನೀರು ಬಂತು. ಎರಡನೇ ವಾರಕ್ಕೆ, ಇಷ್ಟು ವರ್ಷ ನಾನು ಕಳೆದುಕೊಂಡದ್ದು ಈ ಹರಟೆಯನ್ನೇ ಎಂದು ಸ್ವಲ್ಪ ಬೇಸರವೂ ಆಯಿತು. ನಾನೂ ಶುರು ಮಾಡಿದೆ. ಸ್ಟೋರ್‌ಕೀಪರಿಗೆ ತಮಾಷೆ ಮಾಡಿದೆ, ಡಿಸೈನ್ ಹುಡುಗನ ಕಾಗುಣಿತ ತಿದ್ದಿದೆ, ಯಜಮಾನರ ಅರ್ಧ ವಾಕ್ಯಗಳನ್ನು ನಾನೇ ಮುಗಿಸಿಕೊಟ್ಟೆ. "ಮೇಸ್ತ್ರಿ ಅವ್ರೇ, ನಿಮ್ಮ ಫೋನು ಬೇರೆ ಯಾರ ಕೈಲಾದ್ರೂ ಇದೆಯಾ?" ಎಂದು ಸ್ಟೋರ್‌ಕೀಪರ್ ಕೇಳಿದ. ತೂಕ ಇಳಿದು ಹಗುರವಾದ ಹಾಗಿತ್ತು, ಮಗಳೆ. ಸಂಜೆ ಮನೆಗೆ ಬರುವಾಗ ಶಿಳ್ಳೆ ಹಾಕಿಕೊಂಡು ಬರುತ್ತಿದ್ದೆನಂತೆ. ಯಾವ ರಾಗವೋ, ನನಗೆ ಕೇಳಿಸಿದರೆ ತಾನೆ.

ಹಗುರವಾದದ್ದಕ್ಕೆ ಇನ್ನೊಂದು ಮುಖವೂ ಇತ್ತು. ತಲೆಯಾಡಿಸುವುದು ಫೋನಿನಲ್ಲಿ ಕಾಣುವುದಿಲ್ಲ. ನಾನು ಬರೆದದ್ದೂ ಉಳಿದವರು ಬರೆದದ್ದೂ ಒಂದೇ ಅಳತೆಯ ಅಕ್ಷರ. ಮೂರನೇ ತಿಂಗಳು ಒಂದು ಸೋಮವಾರ, ಎರಡು ಲಕ್ಷ ಡಬ್ಬಿಯ ಅವಸರದ ಕೆಲಸ ಬಂದಿತ್ತು. ಬೆಳಿಗ್ಗೆ ಅಚ್ಚಾದದ್ದು ಸಂಜೆಯೇ ಬೈಂಡಿಂಗಿಗೆ ಹೋಗಲಿ ಎಂದು ನಾನು ಬರೆದೆ. ತಕ್ಷಣ ಅಕ್ಕನ ಉತ್ತರ ಬಂತು. ಅದನ್ನು ಇದ್ದ ಹಾಗೇ ಬರೆಯುತ್ತೇನೆ.

"ಮೇಸ್ತ್ರಿ ಅವ್ರೇ, ಬೇಜಾರು ಮಾಡ್ಕೋಬೇಡಿ, ಇವತ್ತು ಕೇಳೇಬಿಡ್ತೀನಿ. ಅಚ್ಚಾದ ಹಾಳೆ ಒಂದು ಇಡೀ ದಿನ ಒಣಗ್ಲಿ, ಆಮೇಲೆ ನಮ್ಮ ಕಡೆ ಕಳಿಸಿ ಅಂತ ಎಂಟು ವರ್ಷದಿಂದ ಮೀಟಿಂಗ್‌ನಲ್ಲಿ ಹೇಳ್ತಾ ಇದ್ದೀನಿ. ಪ್ರತಿ ಸಲ ನೀವು ನಕ್ಕು ತಲೆಯಾಡಿಸ್ತೀರ. ಮಾರನೇ ದಿನ ಅದೇ ಹಸಿ ಹಾಳೆ ಬರುತ್ತೆ. ಆಗಲ್ಲ ಅಂದಿದ್ರೆ ಜಗಳ ಆಡ್ತಿದ್ದೆ. ಆಗ್ಲಿ ಅಂತ ತಲೆಯಾಡಿಸಿ ಮಾಡದೇ ಇರೋರ ಹತ್ರ ಏನು ಮಾಡೋದು? ನಮ್ಮ ಹನ್ನೆರಡು ಹೆಂಗಸ್ರು ಅಷ್ಟು ಕಡೆಯಾ ನಿಮಗೆ?"

ಹಸಿ ಶಾಯಿ ಮೇಲಿನ ಹಾಳೆಯ ಬೆನ್ನಿಗೆ ಹತ್ತಿಕೊಳ್ಳುತ್ತದೆ. ಹಾಗೆ ಕೊಳೆಯಾದ ಡಬ್ಬಿಗಳನ್ನು ಒಂದೊಂದಾಗಿ ಆರಿಸಿ ತೆಗೆಯಲು ಆ ಹೆಂಗಸರು ಕೆಲಸ ಮುಗಿದ ಮೇಲೂ ಎರಡು ಗಂಟೆ ಕೂರುತ್ತಿದ್ದರಂತೆ. ಎಷ್ಟೋ ಸಂಜೆ. ನಾನು ಅವರ ಎದುರಿನಿಂದಲೇ ಊಟದ ಡಬ್ಬಿ ಹಿಡಿದು ಮನೆಗೆ ಹೋಗುತ್ತಿದ್ದೆ, ಹೋಗುವಾಗ ಅವರ ಕಡೆ ನೋಡಿ ನಗುತ್ತಲೂ ಇದ್ದೆ.

ಫೋನ್ ಹಿಡಿದು ಮೆಷಿನ್ ಪಕ್ಕ ನಿಂತೆ. ಮೊದಲು, ಕೆಲಸದ ಒತ್ತಡ ಎಂದು ಬರೆದು ಅಳಿಸಿದೆ. ಆಮೇಲೆ, ಮರೆತುಹೋಯಿತು ಎಂದು ಬರೆದು ಅಳಿಸಿದೆ. ದೊಡ್ಡವನು ಮರೆತ ಎಂದರೆ ಜನ ಒಪ್ಪುತ್ತಾರೆ. ಕೊನೆಗೆ ಹೀಗೆ ಬರೆದೆ: "ಅಕ್ಕ, ನನಗೆ ಕಿವಿ ಕೇಳಿಸಲ್ಲ. ಮೀಟಿಂಗ್‌ನಲ್ಲಿ ನೀವು ಹೇಳಿದ್ದು ಒಂದು ಸಲಾನೂ ಕೇಳಿಸಿಲ್ಲ. ಎಲ್ಲರೂ ನನ್ನ ಕಡೆ ನೋಡಿದಾಗ ತಲೆಯಾಡಿಸ್ತಿದ್ದೆ, ಅಷ್ಟೆ." ಕಳಿಸಿಬಿಟ್ಟೆ.

ಸ್ಟೋರ್‌ಕೀಪರ್ ಗಾಬರಿಯಲ್ಲಿ ಮತ್ತೊಂದು ಗುಲಾಬಿ ಕಳಿಸಿದ. ಅದು ಅವತ್ತಿನ ಮೂರನೆಯದು. ಯಜಮಾನರು ಬರೆಯುತ್ತಿದ್ದಾರೆ, ಬರೆಯುತ್ತಿದ್ದಾರೆ ಎಂದು ತುಂಬಾ ಹೊತ್ತು ತೋರಿಸಿತು. ಇನ್ನು ನನ್ನ ಮೇಸ್ತ್ರಿಕೆಗೆ ಎಳ್ಳುನೀರು ಎಂದುಕೊಂಡೆ. ಕೊನೆಗೆ ಅವರದು ಬಂತು. "ಗೊತ್ತಿತ್ತು. ಅದಕ್ಕೇ ಪೆನ್ಸಿಲ್ ಇಡ್ತಿದ್ದೆ. ನೀವು ತಲೆಯಾಡಿಸಿದ್ರೆ ಬೇರೆ ಯಾರೂ ಎದುರಾಡ್ತಿರ್ಲಿಲ್ಲ. ನನಗೂ ಅದು ಸಲೀಸಾಗಿತ್ತು. ತಪ್ಪು ನಿಮ್ಮೊಬ್ಬರದೇ ಅಲ್ಲ."

ಅವರ ಮೇಲೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಒಂದೇ ಬೆರಳಿನಲ್ಲಿ ಅಷ್ಟುದ್ದ ಬರೆದಿದ್ದರಲ್ಲ ಎನಿಸಿತು. ಆಮೇಲೆ ಅಕ್ಕ ಬರೆದರು: "ನನಗೆ ಗೊತ್ತಿರ್ಲಿಲ್ಲ. ದೊಡ್ಡಸ್ತಿಕೆ ತೋರಿಸ್ತಿದ್ದೀರ ಅಂದ್ಕೊಂಡಿದ್ದೆ." ಅದರ ಬೆನ್ನಿಗೇ ಇನ್ನೊಂದು: "ಹಾಳೆ ಯಾವಾಗ ಕಳಿಸ್ತೀರ?" ಮರುದಿನ ಸಂಜೆ ಎಂದು ಬರೆದೆ. ಅವತ್ತಿನಿಂದ ಒಂದೇ ಒಂದು ಹಸಿ ಹಾಳೆ ಅವರ ಕಡೆಗೆ ಹೋಗಿಲ್ಲ.

ಈಗ ಕೋಣೆ ಸಿದ್ಧವಾಗಿದೆ. ಮೂರು ವಾರದ ಹಿಂದೆ ಎಲ್ಲರೂ ಹಳೇ ಜಾಗಗಳಲ್ಲೇ ಹೋಗಿ ಕೂತೆವು. ಹೊಸ ಬಣ್ಣದ ವಾಸನೆ, ಹೊಸ ಪಂಖ, ಬಾಗಿಲ ಪಕ್ಕ ಅದೇ ಸ್ಟೂಲು. ಗ್ರೂಪಿನಲ್ಲಿ ಅಷ್ಟು ಬರೆದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ಯಜಮಾನರು ಏನೋ ಹೇಳಿದರು, ಪೆನ್ಸಿಲ್ ಇಟ್ಟರು. ನನ್ನ ತಲೆ ತನ್ನಷ್ಟಕ್ಕೆ ಆಡಿತು, ಮಗಳೆ. ಅಷ್ಟೆಲ್ಲ ಆದ ಮೇಲೂ ಆಡಿತು. ಅಕ್ಕ ಸ್ಟೂಲಿನಿಂದ ಎದ್ದು, ಮೇಜನ್ನು ಸುತ್ತಿಕೊಂಡು ಬಂದು, ನನ್ನ ಎದುರಿಗೆ ನಿಂತು, ಒಂದೊಂದೇ ಪದ ಬಿಡಿಸಿ ಕೇಳಿದರು: "ಈಗ ಏನು ಹೇಳಿದ್ರು, ಹೇಳಿ ನೋಡೋಣ."

ಕಿವಿಯೆಲ್ಲ ಬಿಸಿಯಾಯಿತು. ಕೆಲಸಕ್ಕೆ ಬಾರದ ಕಿವಿಗೆ ಬಿಸಿಯಾಗುವುದು ಮಾತ್ರ ಚೆನ್ನಾಗಿ ಗೊತ್ತು. "ಕೇಳಿಸಲಿಲ್ಲ" ಎಂದೆ. ಎಲ್ಲರ ಎದುರು, ಬಾಯಿಬಿಟ್ಟು, ಜೀವಮಾನದಲ್ಲಿ ಮೊದಲ ಸಲ. ಆಕಾಶವೇನೂ ಬೀಳಲಿಲ್ಲ, ಬೀಳುವ ಗಾರೆಯೆಲ್ಲ ಮೊದಲೇ ಬಿದ್ದಿತ್ತು. ಯಜಮಾನರು ನನ್ನ ಕಡೆ ತಿರುಗಿ ಮತ್ತೆ ಹೇಳಿದರು. ನಾನು "ಬೇಡ" ಎಂದೆ. ಏಕೆ ಬೇಡ ಎಂದು ಹತ್ತು ನಿಮಿಷ ವಾದವಾಯಿತು. ಕೊನೆಗೆ ನನ್ನ ಮಾತು ಬಿದ್ದುಹೋಯಿತು, ಅವರದೇ ಗೆದ್ದಿತು. ಸೋತು ಇಷ್ಟು ಖುಷಿಪಟ್ಟವನು ಇನ್ನೊಬ್ಬ ಇರಲಾರ.

ಈಗ ಒಂದು ಹೊಸ ಕ್ರಮ ಬಂದಿದೆ. ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಯಜಮಾನರ ಸೊಸೆ ಅದನ್ನು ಬೋರ್ಡಿನ ಮೇಲೆ ಬರೆಯಬೇಕು. ಅಕ್ಕ ಸ್ಟೂಲನ್ನು ಹೊರಗಿಟ್ಟು ನನ್ನ ಎದುರು ಕುರ್ಚಿ ಹಾಕಿಕೊಂಡಿದ್ದಾರೆ. "ಮೇಸ್ತ್ರಿ ಅವ್ರಿಗೆ ನನ್ನ ತುಟಿ ಕಾಣ್ಬೇಕಲ್ಲ" ಎಂಬ ನೆಪ. ನೆಪ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು.

ಕಿವಿ ಡಾಕ್ಟರ ಬಳಿಗೂ ಹೋಗಿಬಂದೆ. ಎರಡೂ ಕಿವಿಗೆ ಕಡಲೆಯಷ್ಟು ದೊಡ್ಡ ಮೆಷಿನ್ ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡು ಮನೆಗೆ ಬಂದಾಗ ಮೊದಲು ಕೇಳಿಸಿದ್ದು ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವ ಸದ್ದು. ಆರು ವರ್ಷದಿಂದ ತೊಟ್ಟಿಕ್ಕುತ್ತಿದೆಯಂತೆ, ನಾನು ಮಾತ್ರ ರಿಪೇರಿಯವನನ್ನು ಕರೆಸುತ್ತಿಲ್ಲವಂತೆ. ಎದುರಿಗೆ ಒಬ್ಬರಿದ್ದರೆ ಈಗ ಚೆನ್ನಾಗಿ ಕೇಳಿಸುತ್ತದೆ. ಆದರೆ ಹಲವರು ಒಟ್ಟಿಗೆ ಮಾತಾಡುವ ಕಡೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ.

ನಿನ್ನ ಅಮ್ಮನಿಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿ, ಹೇಳಿದರೆ, ಅವಳು ಹುರುಳಿಕಾಯಿ ಬಿಡಿಸುವುದನ್ನೂ ನಿಲ್ಲಿಸಲಿಲ್ಲ. "ಒಂಬತ್ತು ವರ್ಷದಿಂದ ಗೊತ್ತು. ಯಾರಾದ್ರೂ ಬಂದಾಗ ನಿಮ್ಮ ಪಕ್ಕ ಕೂತು ಮಂಡಿ ಚಿವುಟಿ ಅವರ ಮಾತನ್ನ ತಿರುಗಿ ಹೇಳ್ತಾ ಇರ್ತೀನಲ್ಲ, ಯಾಕಂತ ಅಂದ್ಕೊಂಡಿದ್ರಿ?" ಎಂದಳು. ಪ್ರೀತಿಗೆ ಎಂದುಕೊಂಡಿದ್ದೆ ಎಂದೆ. ಕೇಳಬಹುದಿತ್ತಲ್ಲ ಎಂದರೆ, "ನೀವೇ ಹೇಳ್ತೀರ ಅಂತ ಕಾದೆ" ಎಂದಳು. ಆಮೇಲೆ ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕಿಟ್ಟು ಸ್ವಲ್ಪ ಅತ್ತಳು.

ಈಗ ಭಾನುವಾರದ ಸಂಗತಿ. ನಮ್ಮ ಮನೆಯಲ್ಲಿ ಫೋನನ್ನು ಅಲಮಾರಿಗೆ ಒರಗಿಸಿ, ಮನೆಯ ಹಿರಿಯ ಎಂದು ನನ್ನನ್ನು ನಡುಮಧ್ಯೆ ಕೂರಿಸುತ್ತಾರೆ. ಅಂಗೈ ಅಗಲದ ಪರದೆಯಲ್ಲಿ ಆರು ಚೌಕ. ಅವರ ಮನೆಯ ಚೌಕದಿಂದ ನಿನ್ನ ದೊಡ್ಡಪ್ಪ ಮಾತು ಶುರು ಮಾಡಿದರೆ ಉಳಿದ ಐದು ಚೌಕ ಬರೀ ಹೂಂ. ಅವರು ಉಸಿರು ತೆಗೆದುಕೊಳ್ಳುವಾಗ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಅದರಲ್ಲಿ ನಿನ್ನ ಮುಖ ಹೆಬ್ಬೆರಳಿನ ಉಗುರಿನಷ್ಟು. ತುಟಿ ಅಲುಗುವುದು ಕಾಣುತ್ತದೆ, ಮಾತು ಕಾಣುವುದಿಲ್ಲ. ನಾನು ನಿನ್ನನ್ನು ನೋಡಿ ನಗುತ್ತಿದ್ದುದು ನಿನ್ನನ್ನು ನೋಡಿದ ಸಂತೋಷಕ್ಕೆ. ಅದೊಂದೇ ನನ್ನ ಕೈಲಾಗುತ್ತಿದ್ದುದು. ಮನೆಯವರ ಗ್ರೂಪಿನಲ್ಲಿ ಬರೆಯಬಹುದಿತ್ತು ಎನ್ನುತ್ತೀಯ. ಅಲ್ಲಿಯೂ ಯಾರು ಏನೇ ಬರೆದರೂ ದೊಡ್ಡಪ್ಪನ ಎತ್ತಿದ ಹೆಬ್ಬೆರಳಿನ ಗುರುತು ಮೊದಲು ಬೀಳುತ್ತದೆ, ಬಿದ್ದ ಮೇಲೆ ಆ ವಿಷಯಕ್ಕೆ ಬಾಗಿಲು ಹಾಕಿದಂತೆ. ಫೋನಿಗೆ ಬಂದದ್ದರಿಂದ ಕುರ್ಚಿಗಳು ಹೋಗಿಬಿಡುವುದಿಲ್ಲ. ನೀನು ಅದನ್ನೆಲ್ಲ ಬಿಟ್ಟು ಕಾಗದ ಬರೆದೆಯಲ್ಲ, ಅದೇ ಸರಿ. ನಮ್ಮಿಬ್ಬರ ನಡುವೆ ಯಾರೂ ಕೂತಿಲ್ಲ.

ಇನ್ನು ಮುಂದೆ ಎಲ್ಲರ ಕಾಲ್ ಮುಗಿದ ಮೇಲೆ ನನಗೊಬ್ಬನಿಗೇ ಮಾಡು. ಕಿವಿಯ ಮೆಷಿನ್ ಹಾಕಿಕೊಂಡು, ನಿನ್ನ ಮುಖವನ್ನು ಪರದೆಯ ತುಂಬ ದೊಡ್ಡದು ಮಾಡಿಕೊಂಡು ಕೂರುತ್ತೇನೆ. ನಿಧಾನವಾಗಿ ಮಾತಾಡು. ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನುತ್ತೇನೆ, ಈಗ ಅಭ್ಯಾಸವಾಗಿದೆ.

ಮೈ ಕಡೆ ಗಮನವಿರಲಿ. ಎತ್ತರದಲ್ಲಿ ಗಾಳಿ ಜಾಸ್ತಿ ಇದ್ದ ದಿನ ಕ್ರೇನ್ ಇಳಿದುಬಿಡು, ಮೇಲಿನವರು ಏನೇ ಅನ್ನಲಿ. ನಿನ್ನ ಮಾತು ಹತ್ತು ಜನರ ನಡುವೆ ಯಾವತ್ತೂ ಕೆಳಗೆ ಬೀಳದಿರಲಿ, ನಿನ್ನ ಎದುರು ಮಾತಾಡುವವರದೂ ಬೀಳದಿರಲಿ. ಇದು ನನ್ನ ಆಶೀರ್ವಾದ. ಅಮ್ಮನೂ ಹರಸಿದ್ದಾಳೆ, ಚೀಲದ ವಿಷಯ ಮತ್ತೆ ಬರೆಯಲು ಹೇಳಿದ್ದಾಳೆ.

ನಿನ್ನ ಪ್ರೀತಿಯ
ಅಪ್ಪ

ತಾ.ಕ.: ಕಾಗದವನ್ನು ಮಡಿಸಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ಮೇಲೆ ಅಷ್ಟುದ್ದ ಬರೆದದ್ದು ಈ ಮಾತಿಗೆ ಧೈರ್ಯ ಬರಲಿ ಎಂದೇ.

ಏಳು ವರ್ಷದ ಹಿಂದೆ, ನೀನು ಕ್ರೇನ್ ತರಬೇತಿಗೆ ಹೊರಡುವ ಹಿಂದಿನ ವಾರ, ದೊಡ್ಡಪ್ಪನ ಮನೆಯವರೆಲ್ಲ ಊಟಕ್ಕೆ ಬಂದಿದ್ದರು. ಹದಿಮೂರು ಜನ. ನಿನ್ನ ಅಮ್ಮ ಅಡುಗೆಮನೆಯಲ್ಲಿದ್ದಳು, ನನ್ನ ಪಕ್ಕ ಇರಲಿಲ್ಲ. ನೀನು ಊಟದ ಸಾಲಿನ ಆ ಕೊನೆಯಿಂದ ನನ್ನನ್ನು ನೋಡಿ ಏನೋ ಕೇಳಿದೆ. ದೊಡ್ಡಪ್ಪ ನಡುವೆ ಏನೋ ಅಂದರು, ಎಲ್ಲರೂ ನಕ್ಕರು. ನೀನು ನಗಲಿಲ್ಲ. ನನ್ನನ್ನೇ ನೋಡುತ್ತಾ ಇನ್ನೊಂದು ಸಲ ಕೇಳಿದೆ. ನಾನು ಎಲ್ಲರ ಜೊತೆ ನಕ್ಕು ತಲೆಯಾಡಿಸಿದೆ. ನೀನು ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದು ಹೋದೆ. "ಅವಳು ನಿಮ್ಮನ್ನ ಏನು ಕೇಳಿದ್ಲು?" ಎಂದು ಅಮ್ಮ ಸಂಜೆ ಕೇಳಿದಳು. ಏನಿಲ್ಲ ಬಿಡು ಎಂದೆ. ಅವತ್ತಿನಿಂದ ಇವತ್ತಿನವರೆಗೆ ನೀನು ಎದುರು ನಿಂತು ನನ್ನನ್ನು ಊಟವಾಯಿತಾ ಎಂಬುದನ್ನು ಬಿಟ್ಟು ಬೇರೇನೂ ಕೇಳಿಲ್ಲ.

ನೀನು ಅವತ್ತು ಏನು ಕೇಳಿದೆ ಎಂದು ನನಗೆ ಗೊತ್ತಿಲ್ಲ ಮಗಳೆ. ಏಳು ವರ್ಷ ಗೊತ್ತಿಲ್ಲದೆ ಕಳೆದಿದ್ದೇನೆ. ಅದನ್ನು ಬರೆದು ಕಳಿಸು. ನಾನಿನ್ನೂ ಅದಕ್ಕೆ ಉತ್ತರ ಹೇಳಿಲ್ಲ.